ಅತ್ತೆಯ ಕಪ್ಪೆಗಳು ಮೂಡುಬಿದಿರೆಗೆ ಹೋದದ್ದು

ನಮ್ಮ ಅತ್ತೆಗೆ ಸೋಲೊಪ್ಪಿಕೊಳ್ಳಲು ಬರುವುದಿಲ್ಲ. ಇದು ಹೊಗಳಿಕೆ ಎಂದುಕೊಂಡಿರಾ? ಅವರ ಜೊತೆ ಬಸ್ಸಿನಲ್ಲಿ ಓಡಾಡಿದವನ ದೂರು ಸ್ವಾಮಿ!

ಅತ್ತೆ ಮೆಲ್ಕಾರಿನ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಶಾಲೆಗಳಿಗೆ ಕಂಪ್ಯೂಟರ್ ಹೊಸದಾಗಿ ಬರುತ್ತಿದ್ದ ಕಾಲ. ಮೂಡುಬಿದಿರೆಯಲ್ಲೊಂದು ಸ್ಪರ್ಧೆ, ಪರದೆಯ ಮೇಲೆ ಸ್ಲೈಡು ತೋರಿಸಿ ವಿಷಯ ಮಂಡಿಸಬೇಕು. ಅತ್ತೆ ಆರಿಸಿದ್ದು ಝೀನತ್ ಎಂಬ ವಿದ್ಯಾರ್ಥಿನಿಯನ್ನು. ಗದ್ದೆಯ ಕಪ್ಪೆಗಳ ಬಗ್ಗೆ ಅವಳಿಗೆ ಗೊತ್ತಿಲ್ಲದ್ದಿಲ್ಲ. ಆದರೆ ಮಾತು ತೊದಲುತ್ತದೆ. ಜನರೆದುರು ನಿಂತರೆ ಮೊದಲ ಅಕ್ಷರವೇ ಹೊರಡುವುದಿಲ್ಲ. ಅತ್ತೆ ಅವಳನ್ನು ತಮ್ಮ ಮನೆಯ ಕಂಪ್ಯೂಟರ್ ಮುಂದೆ ಕೂರಿಸಿ, ಒಂದೊಂದೇ ವಾಕ್ಯ ಹೇಳಿಸಿ, ಆ ಧ್ವನಿಯನ್ನು ಸ್ಲೈಡುಗಳಿಗೆ ಸೇರಿಸಿದರು. ಫೈಲು ಒಂದು ಫ್ಲಾಪಿ ಡಿಸ್ಕಿಗೆ ಹಿಡಿಯದಷ್ಟು ಉಬ್ಬಿತು.

"ಅತ್ತೆ, ಧ್ವನಿ ತೆಗೆದುಬಿಡುವ. ಒಂದೇ ಫ್ಲಾಪಿ ಸಾಕು," ಎಂದೆ.

"ಧ್ವನಿ ತೆಗೆದ್ರೆ ಝೀನತ್ ಎಲ್ಲಿ ಉಳಿದಳು ಮಾರಾಯ?"

ಫೈಲನ್ನು ತುಂಡು ಮಾಡಿ ಹಲವು ಫ್ಲಾಪಿಗಳಿಗೆ ತುಂಬಿಸಿ, ಮೂಡುಬಿದಿರೆಯ ಸಭಾಂಗಣದ ಕಂಪ್ಯೂಟರಿನಲ್ಲಿ ಮೊದಲೇ ಪರೀಕ್ಷಿಸಲು ಹೊರಟೆವು. ಕೊನೆಯ ಫ್ಲಾಪಿ ಕೈಕೊಟ್ಟಿತು. ಅದಿಲ್ಲದೆ ಫೈಲು ತೆರೆಯುವುದಿಲ್ಲ ಎಂದರು ಸಭಾಂಗಣದವರು.

"ಬಾಲದ ತುಂಡು ಇಲ್ಲಾಂತ ಇಡೀ ಕಪ್ಪೆಯೇ ಬೇಡವಾ? ಕಪ್ಪೆಗೆ ಬಾಲ ಇರುವುದೇ ಇಲ್ಲ!" ಎಂದರು ಅತ್ತೆ.

ಮರುವಾರ ಸಿ.ಡಿ. ಒಯ್ದೆವು. ಅಲ್ಲಿಯ ಯಂತ್ರ ಅದನ್ನು ನುಂಗಿ ಗರಗರ ಸದ್ದು ಮಾಡಿತಷ್ಟೇ. "ಅರೆಯಲಿಕ್ಕೆ ಕೊಟ್ಟದ್ದಲ್ಲ, ಓದಲಿಕ್ಕೆ!" ಎಂದು ಅತ್ತೆ ಅದಕ್ಕೇ ಗದರಿದರು.

ಆಮೇಲೆ ದುಬೈಯಿಂದ ಬಂದ ನೆರೆಯವರ ಪೆನ್‌ಡ್ರೈವ್. ಚುಚ್ಚಿದ ಕೂಡಲೇ ಪರದೆಯ ಮೇಲೊಂದು ಇಂಗ್ಲಿಷ್ ತಕರಾರು, ಅದನ್ನು ಓದಿಸುವ ತಂತ್ರಾಂಶ ಇಲ್ಲವೆಂದು.

"ಡ್ರೈವರ್ ಬೇಕಂತೆ ಟೀಚರ್," ಎಂದರು ಸಭಾಂಗಣದವರು.

"ನಾವು ಬಂದದ್ದೇ ಬಸ್ಸಿನಲ್ಲಿ. ಡ್ರೈವರನ್ನು ಎಲ್ಲಿಂದ ತರುವುದು?"

ಬೇರೆ ಯಾರಾದರೂ ಇಷ್ಟಕ್ಕೆ ಕೈಬಿಡುತ್ತಿದ್ದರು. ಸ್ಪರ್ಧೆಯ ಬೆಳಿಗ್ಗೆ ಅತ್ತೆ ಮನೆಯ ಕಂಪ್ಯೂಟರಿನ ಸಿ.ಪಿ.ಯು. ಡಬ್ಬವನ್ನೇ ಬೈರಾಸು ಟವೆಲಿನಲ್ಲಿ ಸುತ್ತಿ, ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ, ನನ್ನ ತೊಡೆಯ ಮೇಲಿಟ್ಟರು! ಝೀನತ್ ಕಿಟಕಿಯ ಪಕ್ಕ ಕೂತಿದ್ದಳು.

"ಅದೆಂತ ಅಕ್ಕಾ?" ಎಂದ ಕಂಡಕ್ಟರ್.

"ಕಪ್ಪೆ."

ಆಮೇಲೆ ಅವನು ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ಸಭಾಂಗಣದ ತಂತಿಗಳನ್ನೆಲ್ಲ ನಮ್ಮ ಡಬ್ಬಕ್ಕೆ ಸಿಕ್ಕಿಸಿದೆವು. ಪರದೆಯ ಮೇಲೆ ಕಪ್ಪೆ ಮೂಡಿತು, ಝೀನತಳ ಧ್ವನಿ ಸಭಾಂಗಣ ತುಂಬಿತು. ನಾನು ನೆಮ್ಮದಿಯಿಂದ ಕಾಲು ಚಾಚಿದೆ. ಅಷ್ಟರಲ್ಲಿ ತೀರ್ಪುಗಾರರೊಬ್ಬರು ಕೇಳಿಯೇಬಿಟ್ಟರು: "ಈಗ ಕಪ್ಪೆಗಳು ಯಾಕಮ್ಮಾ ಕಡಿಮೆಯಾಗಿವೆ?"

ಝೀನತ್ ಎದ್ದು ನಿಂತಳು. ತುಟಿ ಅಲುಗಿತು, ಶಬ್ದ ಬರಲಿಲ್ಲ. ಯಾರೋ ಕಿಸಕ್ಕೆಂದರು.

"ಇರಲಿ ಮಗೂ, ಕೂತುಕೋ," ಎಂದರು ತೀರ್ಪುಗಾರರು.

ಅತ್ತೆ ಹಿಂದಿನಿಂದ ಎದ್ದರು. "ಅವಳಿಗೆ ಗೊತ್ತುಂಟು ಸರ್. ಸ್ವಲ್ಪ ಕಾಯುವ."

ಎಲ್ಲರೂ ಕಾದೆವು.

"ಗ... ಗ... ಗದ್ದೆಗೆ ಮಣ್ಣು ತುಂಬಿಸಿದ್ದಾರೆ ಸರ್. ಮೊ... ಮೊಟ್ಟೆ ಇಡಲಿಕ್ಕೆ ನೀರಿಲ್ಲ."

ಬಹುಮಾನ ಬೇರೆ ಶಾಲೆಗೆ ಹೋಯಿತು. ಹಿಂತಿರುಗುವಾಗ ಝೀನತ್ ಬಸ್ಸಿನಲ್ಲಿ ಮಾತಾಡುತ್ತಲೇ ಇದ್ದಳು, ತೊದಲುತ್ತ, ನಗುತ್ತ, ನಿಲ್ಲಿಸದೆ. ಅತ್ತೆ ಸಿದ್ಧಕಟ್ಟೆ ದಾಟುವವರೆಗೂ ನಡುವೆ ಒಂದು ಮಾತೂ ಹಾಕದೆ, ಅವಳ ಕೈ ಹಿಡಿದುಕೊಂಡು ಕೇಳುತ್ತಿದ್ದರು.