ಕಡಲಿಗೆ ಹೋಗಿ ಬಂದ ಓಟದ ವಾಚು

ಈ ವಾಚು ಕೈಗೆ ಕಟ್ಟಿಕೊಂಡ ಮೇಲೆ ನನಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಸಮಯ ನೋಡುವ ವಾಚು ಅಷ್ಟು ವರ್ಷ ಕಟ್ಟಿದ್ದೆ, ಅದರಿಂದ ಏನೂ ಆಗಿರಲಿಲ್ಲ. ಇದು ಓಡುವವರು ಕಟ್ಟುವ ಜಿಪಿಎಸ್ ವಾಚು. ನಾವು ಎಲ್ಲಿ ಓಡಿದೆವು, ಎಷ್ಟು ದೂರ, ಎಷ್ಟು ವೇಗ, ಎದೆ ಎಷ್ಟು ಹೊಡೆದುಕೊಂಡಿತು ಎಂದು ಆಕಾಶವನ್ನು ಕೇಳಿ ಬರೆದಿಡುತ್ತದೆ. ನಾನು ಬಂದರಿನಲ್ಲಿ ಬಲೆ, ಹಗ್ಗ ಮಾರುವವ. ನಮ್ಮವರು ಕಡಲಿಗೆ ಹೋದವರು. ನಾನು ಕಡಲಿಗೆ ಹೋಗುವವರಿಗೆ ಸಾಮಾನು ಕೊಟ್ಟು ನೆಲದಲ್ಲೇ ಉಳಿದೆ. ಮುಂದೆ ಬರುವ ಮಾತುಕತೆ ಮುಕ್ಕಾಲು ಪಾಲು ತುಳುವಿನಲ್ಲಿ ನಡೆದದ್ದು. ಬೈಗುಳ ಬಿಟ್ಟು ಉಳಿದದ್ದನ್ನು ಕನ್ನಡದಲ್ಲಿ ಬರೆದಿದ್ದೇನೆ.

ಮೋಡದ ರಿಯಾಯಿತಿ

ಶುರುವಾದದ್ದು ಡಾಕ್ಟರರ ಮೇಜಿನ ಮುಂದೆ. ನನ್ನ ಸಕ್ಕರೆಯ ರಿಪೋರ್ಟು ನೋಡಿ, "ಇನ್ನು ಬರೀ ಮಾತ್ರೆಯಲ್ಲಿ ಆಗ್ಲಿಕ್ಕಿಲ್ಲ. ಇನ್ಸುಲಿನ್ ಶುರು ಮಾಡುವ, ದಿನಾ ಸೂಜಿ" ಎಂದರು.

ಬಂದರಿನಲ್ಲಿ ವ್ಯಾಪಾರ ಮಾಡಿದವನಿಗೆ ಹೆದರಿಕೆ ಎಂಬುದು ಕಡಿಮೆ. ನನಗಿರುವುದು ಒಂದೇ, ಸೂಜಿಯದ್ದು. ಬಲೆ ಹೆಣೆಯುವ ಸೂಜಿಯನ್ನು ನಾನೇ ಮಾರುತ್ತೇನೆ, ಆದರೆ ಅದರ ತುದಿ ಮೊಂಡು.

"ಮೂರು ತಿಂಗಳು ಟೈಮ್ ಕೊಡಿ ಡಾಕ್ಟ್ರೆ. ನಾನು ಓಡ್ತೇನೆ."

"ಎಲ್ಲರೂ ಹೀಗೇ ಹೇಳುವುದು. ಎಲ್ಲಿಗೆ ಓಡ್ತಾರೋ ಗೊತ್ತಿಲ್ಲ, ಹೊಟ್ಟೆ ಮಾತ್ರ ಇದ್ದಲ್ಲಿಯೇ ಇರ್ತದೆ. ಬಾಯಿಮಾತು ಬೇಡ. ಮಾತ್ರೆ ಬಿಡಬೇಡಿ, ಮೊದಲು ನಡೆಯಿರಿ, ಮತ್ತೆ ನಿಧಾನ ಓಡಿ. ಜಿಪಿಎಸ್ ವಾಚು ಕಟ್ಟಿ. ಮೂರು ತಿಂಗಳಾದ ಮೇಲೆ ಮ್ಯಾಪು ತೋರಿಸಿ, ರಕ್ತ ಕೊಡಿ. ಎರಡೂ ಸರಿ ಇದ್ರೆ ಸೂಜಿ ಬೇಡ."

ಮಗಳು ವಾಚಿನ ಅಂಗಡಿಗೆ ಕರೆದುಕೊಂಡು ಹೋದಳು. ಕೌಂಟರಿನ ಹುಡುಗಿ ಹೇಳಿದ ರೇಟು ಕೇಳಿ ನಾನು ಕೇಳಿದೆ, "ಇದಕ್ಕೆ ಸಿಗ್ನಲ್ ಎಲ್ಲಿಂದ ಬರುವುದು?"

"ಸ್ಯಾಟಲೈಟಿನಿಂದ ಸರ್."

"ನಮ್ಮಲ್ಲಿ ಮಳೆಗಾಲ ನಾಲ್ಕು ತಿಂಗಳು ಆಕಾಶವೇ ಕಾಣುವುದಿಲ್ಲ. ಆ ನಾಲ್ಕು ತಿಂಗಳಿನದ್ದು ಕಡಿಮೆ ಮಾಡ್ಬೇಕಲ್ಲ?"

"ಮೋಡ ಇದ್ರೂ ಸಿಗ್ನಲ್ ಬರ್ತದೆ ಸರ್."

"ಆ ಸ್ಯಾಟಲೈಟು ನಿಮ್ಮ ಕಂಪೆನಿಯದ್ದಾ?"

"ಅಲ್ಲ ಸರ್, ಸರಕಾರದ್ದು. ಸಿಗ್ನಲ್ ಎಲ್ಲರಿಗೂ ಫ್ರೀ."

"ಫ್ರೀ ಸಿಗುವುದಕ್ಕೆ ನೀವು ಇಷ್ಟು ಹೇಳುವುದಾ?"

ಹುಡುಗಿ ಮಗಳ ಮುಖ ನೋಡಿದಳು. ಮಗಳು ಛಾವಣಿ ನೋಡಿದಳು. ಕೊನೆಗೆ ಹುಡುಗಿ ಒಳಗೆ ಹೋಗಿ, ಯಾರ ಕೈಗೂ ಸರಿಹೋಗದೆ ಬಿದ್ದಿದ್ದ ದೊಡ್ಡ ಸೈಜಿನ ಪಟ್ಟಿಯೊಂದನ್ನು ತಂದು ಡಬ್ಬಿಗೆ ಹಾಕಿದಳು.

"ಅಪ್ಪ, ಆಕಾಶದ ಹೆಸರಲ್ಲಿ ಚೌಕಾಸಿ ಮಾಡಿದವರು ನೀವೊಬ್ಬರೇ" ಎಂದಳು ಮಗಳು, ಹೊರಗೆ ಬಂದ ಮೇಲೆ.

"ಆಕಾಶದಿಂದ ಒಂದು ಪಟ್ಟಿ ಸಿಕ್ಕಿತಲ್ಲ" ಎಂದೆ.

ಕೈ ಎತ್ತಿದರೆ ಬಸ್ಸು

ಓಡುವ ಮೊದಲು ವಾಚಿಗೆ ಸ್ಯಾಟಲೈಟು ಸಿಗಬೇಕು. ಅದಕ್ಕೆ ಸ್ವಲ್ಪ ಹೊತ್ತು ಕಾಯಬೇಕು. ಕೈ ಎತ್ತಿ ಹಿಡಿದರೆ ಬೇಗ ಸಿಗುತ್ತದೆಂದು ನನ್ನ ಲೆಕ್ಕ; ಆಕಾಶಕ್ಕೆ ಅಷ್ಟಾದರೂ ಹತ್ತಿರವಲ್ಲವೇ. ಮೊದಲ ದಿನ ಬೆಳಿಗ್ಗೆ ನಮ್ಮ ಮನೆ ಹತ್ತಿರ ಕೊಟ್ಟಾರದ ರಸ್ತೆ ಬದಿಯಲ್ಲಿ ಕೈ ಎತ್ತಿ ನಿಂತೆ. ಸ್ಯಾಟಲೈಟಿಗಿಂತ ಮೊದಲು ಸಿಟಿ ಬಸ್ಸು ಬಂದು ನಿಂತಿತು.

ನಮ್ಮೂರಿನ ಬಸ್ಸಿನವರು ತಲೆ ತುರಿಸಲು ಕೈ ಎತ್ತಿದವರನ್ನೂ ಬಿಡುವುದಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಸುರತ್ಕಲ್, ಸುರತ್ಕಲ್, ಬೇಗ ಹತ್ತಿ ಅಣ್ಣ" ಎಂದ.

"ನಾನು ಬರುವುದಿಲ್ಲ. ಸ್ಯಾಟಲೈಟಿಗೆ ಕಾಯ್ತಾ ಇದ್ದೇನೆ."

"ಅದು ಸುರತ್ಕಲ್‌ಗೆ ಹೋಗ್ತದಾ?"

"ಇಲ್ಲ."

"ಮತ್ತೆಂತಕ್ಕೆ ಅದಕ್ಕೆ ಕಾಯುವುದು? ಇದರಲ್ಲಿ ಸೀಟು ಉಂಟು."

ಕೈ ಇಳಿಸಿ, ವಾಚು ತೋರಿಸಿ, ಸಕ್ಕರೆ, ಸೂಜಿ, ಡಾಕ್ಟರು ಎಲ್ಲ ಹೇಳುವಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅಂದಿನಿಂದ ದಿನಾ ಆ ಬಸ್ಸು ನನ್ನ ಹತ್ತಿರ ನಿಧಾನ ಮಾಡುವುದು, ಕಂಡಕ್ಟರ್ "ಸಿಕ್ಕಿತಾ ಅಣ್ಣ?" ಎಂದು ಕೇಳುವುದು ರೂಢಿಯಾಯಿತು. ಒಂದು ದಿನ ಮಳೆ, ಹಾಸಿಗೆ ಬಿಡಲು ಮನಸ್ಸಿರಲಿಲ್ಲ. ಮಾರನೆಯ ದಿನ ಅವನು ಬಸ್ಸು ನಿಲ್ಲಿಸಿಯೇ ಕೇಳಿದ, "ನಿನ್ನೆ ಎಲ್ಲಿ ಹೋಗಿದ್ದಿರಿ? ಡ್ರೈವರ್ ಹೇಳಿದ್ರು, ಸೂಜಿ ಚುಚ್ಚಿಯೇ ಬಿಟ್ಟರೋ ಎಂತದೋ ಅಂತ." ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ನನ್ನ ಕೈ ನೋಡಿದರು. ಮತ್ತೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ವಾಚಿಗೆ ಮೋಸ ಮಾಡಬಹುದೇನೋ, ಒಂದು ಬಸ್ಸು ಜನಕ್ಕೆ ದಿನಾ ಉತ್ತರ ಕೊಡಲು ಯಾರಿಂದ ಸಾಧ್ಯ? ಸಿಗ್ನಲ್ ತಡವಾದ ದಿನ ಕಂಡಕ್ಟರ್ ಒಳಗೆ ತಿರುಗಿ ಸುದ್ದಿ ಕೊಡುತ್ತಿದ್ದ: "ಅಣ್ಣನಿಗೆ ಇನ್ನೂ ಸಿಗಲಿಲ್ಲ. ರೈಟ್, ಪೋಯಿ, ಹೋಗುವ."

ನಿಂತು ಮಾಡುವ ವ್ಯಾಪಾರ

ಈ ವಾಚಿಗೆ ಇನ್ನೊಂದು ಗುಣ ಉಂಟು. ತುಂಬ ಹೊತ್ತು ಕೂತರೆ ಕೈಯಲ್ಲಿ ಗುರ್ ಎಂದು, ಏಳು ಎನ್ನುತ್ತದೆ. ಸೂಜಿಯ ಹೆದರಿಕೆಯಲ್ಲಿ ನಾನು ಅದು ಹೇಳಿದ ತಕ್ಷಣ ಏಳುವವ.

ನನ್ನ ಗಿರಾಕಿ ಒಬ್ಬ ಬೋಟಿನ ಮಾಲಕ ಇದ್ದಾನೆ. ವಯಸ್ಸಿನಲ್ಲಿ ಸಣ್ಣವ, ಚೌಕಾಸಿಯಲ್ಲಿ ದೊಡ್ಡವ. ದೀಪಾವಳಿಗೆ ನಾವು ಗಿರಾಕಿಗಳಿಗೆ ಅಂಗಡಿಯ ಹೆಸರು ಕೆತ್ತಿಸಿದ ಸ್ಟೀಲಿನ ಬುತ್ತಿ ಡಬ್ಬಿ ಕೊಡುವುದುಂಟು. ಎಲ್ಲರೂ ಒಂದು ತಕೊಂಡು ಹೋದರೆ ಇವನು ಎರಡು ಕೇಳುವ ಜಾತಿ. ಆ ದಿನ ಹಗ್ಗದ ರೇಟಿಗೆ ಕೂತು ಕೂತು ಚಾ ಎರಡು ಸಲ ಬಂದು ಹೋಗಿತ್ತು. ಅವನು ಏರುವುದಿಲ್ಲ, ನಾನು ಇಳಿಯುವುದಿಲ್ಲ. ಅಷ್ಟರಲ್ಲಿ ವಾಚು ಗುರ್ ಎಂದಿತು. ನಾನು ಮಾತು ಅರ್ಧಕ್ಕೆ ಬಿಟ್ಟು ಎದ್ದು, ಅಂಗಡಿಯ ಹಿಂದಿನ ಗೋಡೆಯವರೆಗೆ ನಡೆದೆ.

ಹಿಂದಿನಿಂದ ಅವನ ಸ್ವರ ಕೇಳಿತು. "ಆಯ್ತು ಧನಿಗಳೇ, ಸಿಟ್ಟು ಮಾಡ್ಬೇಡಿ. ನೀವು ಹೇಳಿದ ರೇಟೇ ಇರಲಿ, ಬಂದು ಕೂತ್ಕೊಳ್ಳಿ."

ನಾನು ಗೋಡೆಗೆ ಮುಖ ಮಾಡಿ ಇನ್ನೂ ಒಂದು ಸುತ್ತು ಹಾಕಿದೆ. ವ್ಯಾಪಾರದಲ್ಲಿ ತಾನಾಗಿ ಬಂದದ್ದಕ್ಕೆ ಕಾರಣ ಹೇಳಬಾರದು.

ಆದರೆ ಅವನು ಹುಷಾರು. ನಾಲ್ಕು ದಿನ ನೋಡಿ ಗುಟ್ಟು ತಿಳಿದುಕೊಂಡ, ಅಂಥದೇ ವಾಚು ತಕೊಂಡ. ನಾನು ಎಲ್ಲಿ ಓಡಿದರೂ ಅದರ ಮ್ಯಾಪು ಅವನ ಫೋನಿಗೆ ಹೋಗುವ ಹಾಗೆ ಮಾಡಿಕೊಂಡ. ದಿನಾ ಓಟ ಮುಗಿದ ಕೂಡಲೇ ಒಂದು ಹೆಬ್ಬೆಟ್ಟು ಕಳಿಸುತ್ತಾನೆ, ಅದೊಂದು ಖುಷಿ. ಈಗ ಚೌಕಾಸಿಯ ಮಧ್ಯೆ ಇಬ್ಬರ ವಾಚೂ ಗುರ್ ಎನ್ನುತ್ತದೆ. ಇಬ್ಬರೂ ಒಟ್ಟಿಗೆ ಎದ್ದು, ಒಬ್ಬರಿಗೊಬ್ಬರು ಬೆನ್ನು ಹಾಕಿ ಅಂಗಡಿಯ ಎರಡು ತುದಿಗೆ ನಡೆಯುತ್ತೇವೆ. ಹೊಸಬರು ನೋಡಿದರೆ ಮಾತು ಮುರಿಯಿತು ಎಂದು ಎಣಿಸಿಕೊಳ್ಳಬೇಕು.

ಯಾರ ಎದೆ ಹೆಚ್ಚು

ನನ್ನ ಹೆಂಡತಿಯ ಅಣ್ಣ, ಅಂದರೆ ಭಾವ, ಇಂಜಿನಿನ ಸಣ್ಣ ದೋಣಿಯಲ್ಲಿ ದಿನಾ ಕಡಲಿಗೆ ಹೋಗುವವರು. ಮೀನು ಎಲ್ಲಿ ಸಿಗುತ್ತದೆಂದು ಅವರ ತಂದೆ ತೋರಿಸಿಕೊಟ್ಟ ಒಂದು ಜಾಗ ಉಂಟು. ಅದನ್ನು ಅವರು ಹೆಂಡತಿಗೂ ಹೇಳಿದವರಲ್ಲ. ಬೋಟಿನ ಮಾಲಕನಿಗೆ ಆ ಜಾಗದ ಮೇಲೆ ಎಷ್ಟೋ ವರ್ಷದ ಕಣ್ಣು.

ಒಂದು ಭಾನುವಾರ ಭಾವ ನನ್ನ ವಾಚು ನೋಡಿ ನಕ್ಕರು. "ಯಾರೂ ಅಟ್ಟಿಸಿಕೊಂಡು ಬಾರದೆ ಓಡುವುದೂ ಒಂದು ಕೆಲಸವಾ ಭಾವ? ಬಲೆ ಎಳೆದು ನೋಡಿ. ಎದೆ ಹೇಗೆ ಬಡಿಯುತ್ತದೆ ಗೊತ್ತಾಗ್ತದೆ."

"ನಾಳೆ ಕಟ್ಟಿಕೊಂಡು ಹೋಗಿ. ಯಾರ ಎದೆ ಹೆಚ್ಚು ಬಡಿಯುತ್ತದೆ ನೋಡುವ."

ಅವರ ಮಣಿಕಟ್ಟಿಗೆ ನನ್ನ ಪಟ್ಟಿ ಎಟುಕಲಿಲ್ಲ. ಮೋಡದ ರಿಯಾಯಿತಿಯ ಪಟ್ಟಿ ಉಪಯೋಗಕ್ಕೆ ಬಂದದ್ದು ಆಗ. ಮಗಳು ಓಟದ ಗುಂಡಿ ಒತ್ತುವುದು ಹೇಗೆಂದು ತೋರಿಸಿದಳು.

ಮರುದಿನ ಭಾವ ಬೇಗ ಬಂದರು. ಬಂದವರೇ ನಮ್ಮಲ್ಲಿ ಮೂರು ಸಲ ಅನ್ನ ಬಡಿಸಿಕೊಂಡರು. ಮಗಳು ಫೋನು ತೆರೆದಳು. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಿಂದ ನೀಲಿ ಗೆರೆಯೊಂದು ಸೀದಾ ಕಡಲಿಗೆ ಇಳಿದಿತ್ತು, ದೂರದಲ್ಲಿ ಒಂದೇ ಕಡೆ ಸುತ್ತಿ ಸುತ್ತಿ ಜಿಲೇಬಿಯಾಗಿತ್ತು. ಕೆಳಗೆ ವಾಚು ಬರೆದಿತ್ತು: ಅಭಿನಂದನೆಗಳು, ಇದು ನಿಮ್ಮ ಜೀವನದ ಅತಿ ವೇಗದ ಓಟ.

ಅದರ ಕೆಳಗೆ ಆಗಲೇ ಒಂದು ಹೆಬ್ಬೆಟ್ಟು ಇತ್ತು. ಬೋಟಿನ ಮಾಲಕನದ್ದು.

ನನ್ನ ಎದೆ ಧಸಕ್ಕೆಂದಿತು. ಭಾವನ ತಂದೆಯ ಜಾಗ, ನನ್ನ ವಾಚಿನಿಂದ ಊರಿಗೆಲ್ಲ ಗೊತ್ತಾಯಿತಲ್ಲ. "ಭಾವ, ತಪ್ಪಾಯಿತು" ಎಂದೆ.

ಭಾವ ಕೈ ತೊಳೆಯುತ್ತಾ, "ಹೋಗಿ ನೋಡಲಿ ಬಿಡಿ" ಎಂದರು. ಅವರು ಇಷ್ಟು ದೊಡ್ಡ ಮನಸ್ಸಿನವರೆಂದು ನನಗೆ ಅಷ್ಟರವರೆಗೆ ಗೊತ್ತಿರಲಿಲ್ಲ.

ನೆಲದ ಭಾವ

ಅದೇ ವಾರ ಮೂರು ತಿಂಗಳು ಮುಗಿಯಿತು. ಡಾಕ್ಟರು ಫೋನಿನಲ್ಲಿ ಮ್ಯಾಪುಗಳನ್ನು ಒಂದೊಂದಾಗಿ ನೋಡಿದರು. ಕೊಟ್ಟಾರ, ಕೂಳೂರು, ಮತ್ತೆ ಕೊಟ್ಟಾರ. ಮುಖ ಅರಳುತ್ತಾ ಬಂತು. ಆಮೇಲೆ ನಿಂತಿತು.

"ಇದೆಂತ, ಕಡಲಿನಲ್ಲಿ?"

"ಅದು ನಾನಲ್ಲ ಡಾಕ್ಟ್ರೆ, ನನ್ನ ಭಾವ."

"ಮತ್ತೆ ಉಳಿದ ದಿನ?"

"ನಾನೇ."

ಅವರು ಕನ್ನಡಕ ತೆಗೆದರು. "ಕಡಲಿನಲ್ಲಿ ಓಡ್ಲಿಕ್ಕೆ ಒಬ್ಬ ಭಾವ ಇರುವಾಗ, ನೆಲದಲ್ಲಿ ಓಡ್ಲಿಕ್ಕೆ ಇನ್ನೊಬ್ಬ ಭಾವ ಇರ್ಲಿಕ್ಕಿಲ್ಲ ಅಂತ ನಾನು ಹೇಗೆ ನಂಬುವುದು?"

ಬೆಳಗಿನ ಬಸ್ಸನ್ನು ಸಾಕ್ಷಿಗೆ ಕರೆಯಲೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ರಕ್ತ ಕೊಟ್ಟು ಹೋಗಿ" ಎಂದರು. "ಅದಾದರೂ ನಿಮ್ಮದೇ ಅಲ್ಲವಾ? ಸಂಜೆ ಮೆಸೇಜ್ ಹಾಕ್ತೇನೆ."

ಸೂಜಿ ಬೇಕೋ ಬೇಡವೋ ಎಂದು ತಿಳಿಯಲಿಕ್ಕೂ ಒಂದು ಸೂಜಿ. ಕಣ್ಣು ಮುಚ್ಚಿ ಕೈ ಕೊಟ್ಟೆ.

ಅಂಗಡಿಗೆ ಬಂದದ್ದು

ಸಂಜೆ ಅಂಗಡಿಯಲ್ಲಿ ಕೂತು ಮೆಸೇಜಿಗೆ ಕಾಯುತ್ತಿದ್ದೆ. ಜೊತೆಗಿರುವ ಎಂದು ಭಾವ ಬಂದಿದ್ದರು. ಕಾಯುವಾಗ ಒಬ್ಬೊಬ್ಬರ ನೆನಪು ಬಂತು. ಇದರಲ್ಲಿ ನನ್ನ ಕಾಲು ಮಾಡಿದ್ದು ಅರ್ಧ ಮಾತ್ರ. ವಾಚು ತೆಗೆಸಿಕೊಟ್ಟ ಮಗಳು, ದಿನಾ ವಿಚಾರಿಸಿದ ಕಂಡಕ್ಟರ್, ಹೆಬ್ಬೆಟ್ಟು ಕಳಿಸಿದ ಬೋಟಿನ ಮಾಲಕ, ನಗಾಡಿಕೊಂಡೇ ಬೆನ್ನಿಗೆ ನಿಂತ ಭಾವ, ಇವರೆಲ್ಲರ ಉಪಕಾರ ದೊಡ್ಡದು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅವರಲ್ಲಿ ಒಬ್ಬನಾದರೂ ಹಗ್ಗದ ರೇಟು ಇಳಿಸಲು ಕೇಳುತ್ತಾನೆ.

ಅಷ್ಟರಲ್ಲಿ ಅವನೇ ಬಂದ. ಮುಖ ಕೆಂಪು. ಕೈಯಲ್ಲಿದ್ದ ಗೋಣಿಯಿಂದ ಒಂದು ವಸ್ತು ತೆಗೆದು ಕೌಂಟರಿನ ಮೇಲೆ ಟಣ್ ಎಂದು ಇಟ್ಟ. ಸ್ಟೀಲಿನ ಬುತ್ತಿ. ಮುಚ್ಚಳದ ಮೇಲೆ ನನ್ನ ಅಂಗಡಿಯ ಹೆಸರು.

"ಧನಿಗಳೇ, ಮ್ಯಾಪು ನೋಡಿ ಹೋದೆ. ಆ ಸುತ್ತಿನ ನಡುವಿಗೇ ಬಲೆ ಹಾಕಿದೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಸಿಕ್ಕಿದ್ದು ಇದೊಂದು. ಕಡಲಿನ ಅಡಿಯಲ್ಲಿಯೂ ನಿಮ್ಮ ಜಾಹೀರಾತು ಉಂಟಾ ಮಾರಾಯ್ರೆ?"

ಭಾವ ಹಗ್ಗದ ಸುರುಳಿಯ ಮೇಲೆ ಕೂತಿದ್ದವರು ಅಲ್ಲಿಂದ ಜಾರಿದರು. ನಗು ನಿಂತ ಮೇಲೆ ಹೇಳಿದರು: "ಉಣ್ಣುವ ಎಂದು ನೀವು ಕೊಟ್ಟ ಬುತ್ತಿ ಕೈಗೆತ್ತಿಕೊಂಡೆ. ಈ ದರಿದ್ರ ವಾಚು ಮತ್ತೊಂದು ಕಿಲೋಮೀಟರ್ ಆಯಿತೆಂದು ಗುರ್ ಎಂದಿತು. ಬೆಚ್ಚಿ ಕೈಬಿಟ್ಟೆ. ಬುತ್ತಿ ತೇಲ್ತಾ ಹೋಯಿತು, ನಾನು ಅದರ ಹಿಂದೆ ಸುತ್ತು ಹೊಡೆದೆ. ಕೊನೆಗೆ ಮುಳುಗಿತು. ಹಸಿವಾಗಿ ವಾಪಾಸು ಬಂದೆ. ನಮ್ಮ ಜಾಗಕ್ಕೆ ಆ ದಿನ ಹೋಗಲೇ ಇಲ್ಲ."

ಮೂರು ಸಲ ಬಡಿಸಿಕೊಂಡ ಅನ್ನ ನನಗೆ ನೆನಪಾಯಿತು.

ಮಾಲಕ ತಡೆಯದೆ ಕೇಳಿದ, "ಹಾಗಾದ್ರೆ ನಿಜವಾದ ಜಾಗ ಎಲ್ಲಿ?"

"ವಾಚನ್ನೇ ಕೇಳು" ಎಂದರು ಭಾವ.

ಆ ಹೊತ್ತಿಗೇ ವಾಚು ಗುರ್ ಎಂದಿತು. ಫೋನಿಗೆ ಬಂದ ಮೆಸೇಜು ಅದರಲ್ಲಿಯೂ ಕಾಣುತ್ತದೆ. ಡಾಕ್ಟರದ್ದೇ ಎಂದು ಗೊತ್ತು, ಆದರೆ ಅಕ್ಷರ ಸಣ್ಣದು, ಕನ್ನಡಕ ಎಲ್ಲಿಟ್ಟೆನೋ ಕಾಣುವುದಿಲ್ಲ. ಮಾಲಕ ನನ್ನ ಕೈ ಹಿಡಿದು ವಾಚಿನ ಮೇಲೆ ಬಗ್ಗಿದ. ಜಾಗದ ಗುಟ್ಟು ಬಂತು ಎಂದೇ ಅವನ ಲೆಕ್ಕ. ಭಾವನೂ ಬಗ್ಗಿದರು.

ಅವನು ಗಟ್ಟಿಯಾಗಿ ಓದಿದ:

"ರಕ್ತ ನಿಮ್ಮದೇ, ನಂಬಿದೆ. ಸೂಜಿ ಬೇಡ. ಓಟ ಬಿಡಬೇಡಿ. ನೆಲದಲ್ಲಿ ಮಾತ್ರ."