ಕೋಥರೂಡದ ಪ್ರಿಂಟರ್ ಬಾಯಿ

ಪ್ರಿಂಟರಿನ ತಂಟೆ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು. ಒಂದಷ್ಟು ವರ್ಷ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿದೆ. ಆ ಕ್ಲಾಸು ಮುಚ್ಚಿದ ಮೇಲೆ ಸ್ಕೂಟರ್ ಹತ್ತಿ ಮನೆಮನೆಗೆ ಹೋಗಿ ಕಂಪ್ಯೂಟರ್, ವೈಫೈ, ಪ್ರಿಂಟರ್ ಸರಿಮಾಡುವ ಕೆಲಸ ಹಿಡಿದೆ. ಇಲ್ಲಿನ ಕೋಥರೂಡ ಬಡಾವಣೆಯ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ವಾಚ್‌ಮನ್‌ಗಳು ಇಂಟರ್‌ಕಾಮಿನಲ್ಲಿ ‘ಪ್ರಿಂಟರ್‌ವಾಲ್ಯಾ ಬಾಯಿ ಬಂದಾರ’ ಅಂತಲೇ ಮೇಲೆ ತಿಳಿಸುತ್ತಾರೆ. ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು. ಕಂಪ್ಯೂಟರ್ ಕೆಟ್ಟರೆ ಜನ ಸಮಾಧಾನವಾಗಿಯೇ ಫೋನ್ ಮಾಡುತ್ತಾರೆ. ಮನೆಮಂದಿಗೆಲ್ಲ ಇರುವ ಒಂದೇ ಪ್ರಿಂಟರ್ ನಿಂತರೆ ಮಾತ್ರ, ಫೋನಿನ ಹಿಂದೆ ಕಡಿಮೆಯೆಂದರೂ ಇಬ್ಬರು ಜಗಳಾಡುವುದು ಕೇಳಿಸುತ್ತದೆ. ವಾರಕ್ಕೊಂದಾದರೂ ಇಂಥದು ಇದ್ದೇ ಇರುತ್ತದೆ. ನೆನಪಾದಷ್ಟು ಹೇಳುತ್ತೇನೆ.

ಕುಂಚಿಗಿ ತೊಟ್ಟ ಪ್ರಿಂಟರ್

ಬೆಳಗಾವಿ ಕಡೆಯ ಒಬ್ಬ ನಿವೃತ್ತ ಗುಮಾಸ್ತರು ಹೊಸ ಪ್ರಿಂಟರ್ ತಗೊಂಡರು. ನಾನೇ ಹೋಗಿ ವೈಫೈಗೆ ಜೋಡಿಸಿ ಬಂದಿದ್ದೆ. ಮೂರನೇ ದಿನ ಫೋನು.

‘ಮೇಡಮ್, ಪ್ರಿಂಟ್ ಕೊಟ್ರ ಬರವಲ್ದು ನೋಡ್ರಿ. ಪೆನ್ಶನ್ ಫಾರ್ಮ್ ಅದ. ಮಧ್ಯಾಹ್ನದೊಳಗ ಕೊಡಬೇಕು.’

‘ದೀಪ ಹತ್ತೇದೇನ್ರಿ?’

‘ಹತ್ತೇದ್ರಿ. ಹಸರು.’

‘ಸಪ್ಪಳ ಮಾಡ್ತದೇನ್ರಿ?’

‘ಸಪ್ಪಳ ಭಾಳ ಮಾಡ್ತದ, ಕೆಲಸ ಇಲ್ಲ. ನಮ್ಮ ಹಳೇ ಸಾಹೇಬರ ಹಂಗ.’

ರೌಟರ್ ಬಂದ್ ಮಾಡಿ ಚಾಲೂ ಮಾಡಿಸಿದೆ. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿಸಿದೆ. ಪ್ರತಿ ಸಲವೂ ‘ಈಗ ಕೊಡ್ರಿ’ ಅನ್ನುವುದು, ಅವರು ಕೊಡುವುದು, ಸಪ್ಪಳವಾಗುವುದು, ಹಾಳೆ ಬಾರದಿರುವುದು. ಅರ್ಧ ತಾಸು ಹೀಗೇ ಹೋಯಿತು. ನನ್ನ ವಿದ್ಯೆಯೆಲ್ಲ ಖರ್ಚಾದ ಮೇಲೆ ಸ್ಕೂಟರ್ ತೆಗೆದುಕೊಂಡು ಹೊರಟೆ.

ಹೋಗಿ ನೋಡಿದರೆ, ಅವರ ಹೆಂಡತಿ ಪ್ರಿಂಟರಿಗೆ ಕ್ರೋಶಾದ ಕವರ್ ಹೆಣೆದು ಹಾಕಿದ್ದಾರೆ. ಕೂಸಿಗೆ ಕುಂಚಿಗಿ ಕಟ್ಟಿದ ಹಾಗೆ ತಲೆಯಿಂದ ಪಾದದವರೆಗೆ. ದೀಪ ಕಾಣಲಿ ಅಂತ ಅಲ್ಲಿಗೆ ಮಾತ್ರ ಒಂದು ಸಣ್ಣ ಕಿಟಕಿ. ಹಾಳೆ ಹೊರಗೆ ಬರುವ ಕಡೆ ಕಿಟಕಿ ಬಿಡಬೇಕು ಅಂತ ಅವರಿಗೆ ಹೊಳೆದಿಲ್ಲ. ಮೆಲ್ಲಗೆ ಕವರ್ ಎತ್ತಿದೆ. ಒಳಗೆ ಒಂದರ ಮೇಲೊಂದು ಹನ್ನೊಂದು ಪೆನ್ಶನ್ ಫಾರ್ಮು.

ಗುಮಾಸ್ತರು ಹೆಂಡತಿಯ ಮುಖ ನೋಡಿದರು. ಆ ತಾಯಿ ಒಂದು ಫಾರ್ಮ್ ತೆಗೆದು ಬೆಳಕಿಗೆ ಹಿಡಿದರು.

‘ನೋಡ್ರಿ ಮತ್ತ, ಒಂದ ಹಾಳಿಗೂ ಧೂಳ ಹತ್ತಿಲ್ಲ!’

ದಿನಾ ಮನೆ ಬದಲಿಸುವವ

ಬಟ್ಟೆ ವ್ಯಾಪಾರದ ಒಂದು ಕುಟುಂಬ. ಅಪ್ಪ, ಮಗ, ಸೊಸೆ, ಎಲ್ಲರಿಗೂ ಸೇರಿ ಒಂದು ಪ್ರಿಂಟರ್. ನಾನು ಸರಿಮಾಡಿ ಬಂದ ದಿನ ಚಂದ ನಡೆಯುತ್ತದೆ, ಮರುದಿನ ಕಂಪ್ಯೂಟರು ‘ಪ್ರಿಂಟರ್ ಸಿಗುತ್ತಿಲ್ಲ’ ಅನ್ನುತ್ತದೆ. ಮೂರು ಸಲ ಹೋದೆ. ಮೂರನೇ ಸಲ ಕಾರಣ ಕಣ್ಣೆದುರೇ ನಡೆಯಿತು. ಅಪ್ಪ ದೇವಸ್ಥಾನಕ್ಕೆ ಹೊರಟವರು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಕೈ ಚಾಚಿ ರೌಟರಿನ ಸ್ವಿಚ್ಚೂ ಪ್ರಿಂಟರಿನ ಸ್ವಿಚ್ಚೂ ಆರಿಸಿದರು.

ಅವರನ್ನು ಕೂಡಿಸಿಕೊಂಡು ತಿಳಿಸಿ ಹೇಳಿದೆ. ‘ಕಾಕಾ, ಈ ರೌಟರ್ ಅದ ಅಲ್ರಿ, ಅದು ಮನ್ಯಾಗಿನ ಒಂದೊಂದ ಮಷಿನ್ನಿಗೂ ಒಂದೊಂದ ಮನಿ ನಂಬರ್ ಕೊಡ್ತದ. ನೀವು ಆರಿಸಿ ಹಚ್ಚಿದ್ರ ಪ್ರಿಂಟರ್‌ಗ ಬ್ಯಾರೇ ನಂಬರ್ ಸಿಕ್ಕಬಿಡ್ತದ. ಕಂಪ್ಯೂಟರ್ ಪಾಪ ಹಳೇ ಮನಿಗೇ ಹೋಗಿ ಬಾಗ್ಲಾ ಬಡೀತದ. ಅಲ್ಲಿ ಯಾರೂ ಇರೂದಿಲ್ಲ.’

ಕಾಕಾ ಗಂಭೀರವಾಗಿ ಕೇಳಿದರು. ‘ದಿನಾ ಮನಿ ಬದಲಿ? ಹನ್ನೊಂದ ತಿಂಗಳ ಬಾಡಿಗಿ ಅಗ್ರಿಮೆಂಟರ ಮಾಡ್ಕೋಬಾರದ?’

‘ಅದಕ್ಕಿಂತ ಛಲೋ ಮಾಡ್ತೇನಿ ರೀ’ ಅಂದೆ. ರೌಟರಿನ ಒಳಗೆ ಹೋಗಿ ಪ್ರಿಂಟರಿಗೆ ಒಂದು ಕಾಯಂ ನಂಬರ್ ಬರೆದಿಟ್ಟೆ. ‘ಇನ್ನ ನೀವು ಎಷ್ಟ ಸಲ ಆರಿಸಿದ್ರೂ ಅದರ ಮನಿ ಬದಲಾಗೂದಿಲ್ಲ.’

ಅವರ ಮಗ ಅಲ್ಲೇ ಕೂತಿದ್ದ. ಸ್ವಂತ ಫ್ಲ್ಯಾಟ್ ಬೇಕು ಅಂತ ಐದು ವರ್ಷದಿಂದ ಭಾನುವಾರಕ್ಕೊಂದು ನೋಡಿ, ಒಂದರ ಬಾಗಿಲು ದಕ್ಷಿಣಕ್ಕಿದೆ, ಇನ್ನೊಂದರ ಅಡುಗೆಮನೆ ಸಣ್ಣದಿದೆ ಅಂತ ಬಿಟ್ಟು ಬಂದವನು. ಕಾಕಾ ಅವನ ಕಡೆ ತಿರುಗಿದರು.

‘ನೋಡೋ, ಮೊನ್ನೆ ಬಂದ ಪ್ರಿಂಟರ್‌ಗೂ ಪುಣೆದಾಗ ಕಾಯಂ ಮನಿ ಆತು.’

ನೀರೊಳಗಿನ ಮೀಟಿಂಗ್

ಒಬ್ಬ ವಕೀಲರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದಕ್ಕೆ ಕರೆದಿದ್ದರು. ‘ಹೆಂಗೂ ಬಂದೀರಿ, ಪ್ರಿಂಟರ್ ಯಾಕೋ ಸಾವಕಾಶ ನಡದದ, ಒಂದೀಟ ನೋಡ್ರಿ’ ಅಂದರು. ಇದು ನನಗೆ ಹೊಸದಲ್ಲ, ಮದುವೆಮನೆಗಳಲ್ಲೂ ನೋಡಿದ್ದೇನೆ. ಮಗಳು ಪೂಜೆಗೆ ಬಂದಿದ್ದಳು. ಅಳಿಯಂದಿರು ಬಂದಿರಲಿಲ್ಲ. ಆಫೀಸಿನಲ್ಲಿ ತುರ್ತು ಮೀಟಿಂಗ್ ಅಂತ ಬೆಳಿಗ್ಗೆಯೇ ತಿಳಿಸಿದ್ದರಂತೆ. ವಕೀಲರಿಗೆ ಸ್ವಲ್ಪ ಬೇಸರವಾಗಿತ್ತು.

ನಾನಿನ್ನೂ ಪ್ರಿಂಟರ್ ಮುಟ್ಟಿರಲಿಲ್ಲ. ಅದು ತಾನೇ ಎದ್ದು ಗುರ್ರ್ ಅಂದಿತು.

‘ನಾ ಏನೂ ಒತ್ತಿಲ್ರಿ’ ಅಂತ ವಕೀಲರು ಎರಡೂ ಕೈ ಎತ್ತಿದರು.

ಹಾಳೆ ಮೆಲ್ಲಗೆ ಇಳಿಯಿತು. ಮೊದಲು ಹಸಿರು ಗುಡ್ಡ. ಆಮೇಲೆ ಜಲಪಾತ. ಆಮೇಲೆ ಜಲಪಾತದ ಕೆಳಗೆ ಬನಿಯನ್-ಚಡ್ಡಿಯಲ್ಲಿ ಸುಟ್ಟ ಗೋವಿನಜೋಳ ಹಿಡಿದುಕೊಂಡು ನಗುತ್ತಿರುವ ಅಳಿಯಂದಿರು. ಎರಡನೇ ಹಾಳೆಯಲ್ಲಿ ಅದೇ ಅಳಿಯಂದಿರು, ಅದೇ ಬನಿಯನ್, ಲೋಣಾವಳಾದ ಚಿಕ್ಕಿ ಅಂಗಡಿ. ಬಣ್ಣ ಭಾಳ ಚಂದ ಬಂದಿತ್ತು.

ಹೋದ ತಿಂಗಳು ಆ ಪ್ರಿಂಟರಿನ ಆಪನ್ನು ತಮ್ಮ ಫೋನಿನಲ್ಲಿ ಹಾಕಿಕೊಂಡವರು ಅವರೇ. ಎಲ್ಲಿಂದಲಾದರೂ ಪ್ರಿಂಟ್ ಕೊಡಬಹುದು ಅಂತ ಮಾವನವರಿಗೆ ಹೆಮ್ಮೆಯಿಂದ ತೋರಿಸಿದ್ದರಂತೆ. ಗೆಳೆಯರಿಗೆ ಫೋಟೋ ಕಳಿಸಲು ಹೋಗಿ ಬೆರಳು ಪಕ್ಕದ ‘ಪ್ರಿಂಟ್’ ಮೇಲೆ ಬಿದ್ದಿರಬೇಕು. ಮಗಳು ಹಾಳೆ ನೋಡಿದಳು. ಅಪ್ಪನ ಫೋನಿನಿಂದಲೇ ಗಂಡನಿಗೆ ಹಚ್ಚಿ ಅಪ್ಪನ ಕೈಗೆ ಕೊಟ್ಟಳು.

‘ಮಾವಾರ, ಮೀಟಿಂಗ್ ಇನ್ನೂ ನಡದದ್ರಿ...’ ಅನ್ನುವುದು ನನಗೂ ಕೇಳಿಸಿತು.

‘ಹೌದ್ರಿ, ಕಾಣಾಕತ್ತೇದ’ ಅಂದರು ವಕೀಲರು, ಕೋರ್ಟಿನಲ್ಲಿ ಮಾತಾಡುವಷ್ಟೇ ಶಾಂತವಾಗಿ. ‘ಮೀಟಿಂಗ್ ಮುಗಿದ ಮ್ಯಾಲೆ ತಲಿ ಒರಸ್ಕೋರಿ, ನೆಗಡಿ ಆದೀತು. ಬರೂವಾಗ ಎರಡ ಪಾಕೀಟ ಚಿಕ್ಕಿ ತರ್ರಿ.’

ಹತ್ತಕ್ಕೆ ನಾಲ್ಕು

ಇದು ಒಂದು ಹಳೇ ಸೊಸೈಟಿಯ ಮಾತು. ಎರಡನೇ ಮಹಡಿಯಲ್ಲಿ ಧಾರವಾಡದ ಕಡೆಯ ಒಬ್ಬ ನಿವೃತ್ತ ಎಂಜಿನಿಯರ್ ಗಂಡ-ಹೆಂಡತಿ. ಅವರ ತಲೆಯ ಮೇಲೆ ಮೂರನೇ ಮಹಡಿಯಲ್ಲಿ ಒಬ್ಬ ನಿವೃತ್ತ ಮರಾಠಿ ಶಿಕ್ಷಕಿ. ಒಂದು ಕಾಲಕ್ಕೆ ಎರಡೂ ಮನೆಗಳ ನಡುವೆ ಪಲ್ಯದ ಬಟ್ಟಲು ಹೋಗಿ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಶಿಕ್ಷಕಿಯ ಹೂಕುಂಡದ ನೀರು ಸೋರಿ ಇವರ ಬಾಲ್ಕನಿಯಲ್ಲಿ ಒಣಗಿಸಿದ್ದ ಹಪ್ಪಳದ ಮೇಲೆ ಬಿತ್ತು. ಮಾತಿಗೆ ಮಾತು ಬೆಳೆಯಿತು. ಎರಡು ವರ್ಷ ಲಿಫ್ಟಿನಲ್ಲಿ ಎದುರಾದರೂ ಇಬ್ಬರೂ ಮಹಡಿಯ ನಂಬರ್ ನೋಡುತ್ತ ನಿಲ್ಲುವುದು ನಡೆದಿತ್ತು.

ಒಂದು ಮಧ್ಯಾಹ್ನ ಎಂಜಿನಿಯರರ ಫೋನು.

‘ಮೇಡಮ್, ಲಗೂನ ಬರ್ರಿ. ಏಳ ಸಲ ಪ್ರಿಂಟ್ ಕೊಟ್ಟೇನಿ. ಕಂಪ್ಯೂಟರ್ ಆತು ಅಂತದ, ಪ್ರಿಂಟರ್ ಸುಮ್ಮ ಕೂತದ. ಸಂಜೀಕ ಕಮಿಟಿ ಮೀಟಿಂಗ್ ಅದ, ಅಷ್ಟರಾಗ ಅರ್ಜಿ ಕೊಡಬೇಕು.’

ಅರ್ಜಿ ಯಾರ ಮೇಲೆ ಅಂತ ಕೇಳಬೇಕಾಗಿರಲಿಲ್ಲ. ಮತ್ತೆ ನೀರು ಸೋರಿತ್ತು. ಈ ಸಲ ಅವರ ಹೆಂಡತಿ ಒಣಗಹಾಕಿದ್ದ ರೇಷ್ಮೆ ಸೀರೆಯ ಮೇಲೆ.

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಪ್ರಿಂಟರುಗಳ ಪಟ್ಟಿಯಲ್ಲಿ ಒಂದೇ ಹೆಸರಿನವು ಎರಡಿದ್ದವು.

‘ನಿಮ್ಮನ್ಯಾಗ ಎರಡ ಪ್ರಿಂಟರ್ ಅವೇನ್ರಿ?’

‘ಇಲ್ರಿ, ಒಂದ.’

‘ಮತ್ತ ಈ ಇನ್ನೊಂದು ಯಾರದು? ಹಾಳಿ ಎಲ್ಲಾ ಅದಕ್ಕ ಹೋಗ್ಯಾವ.’

ಎಂಜಿನಿಯರರು ಪಟ್ಟಿ ನೋಡಿದರು. ಛಾವಣಿ ನೋಡಿದರು. ಮುಖದ ಬಣ್ಣವೇ ಇಳಿಯಿತು. ದೋಸ್ತಿಯ ದಿನಗಳಲ್ಲಿ, ತಮ್ಮಲ್ಲಿರುವಂಥದೇ ಪ್ರಿಂಟರನ್ನು ಶಿಕ್ಷಕಿಗೆ ಕೊಡಿಸಿದವರು ಇವರೇ. ಅವರಲ್ಲಿ ಇಂಟರ್‌ನೆಟ್ ಇರಲಿಲ್ಲವೆಂದು ಅದನ್ನು ತಮ್ಮ ವೈಫೈಗೆ ಜೋಡಿಸಿಕೊಟ್ಟವರೂ ಇವರೇ. ಮಾತು ಬಿಟ್ಟರು, ಪಾಸ್‌ವರ್ಡ್ ಬದಲಿಸಲು ಮರೆತರು. ಮೊನ್ನೆ ಲ್ಯಾಪ್‌ಟಾಪ್ ಹೊಸದು ಬಂದಾಗ ಎರಡರಲ್ಲಿ ಒಂದನ್ನು ಒತ್ತಿದ್ದಾರೆ. ಅದು ಮೇಲಿನದು.

ಅಂದರೆ ಶಿಕ್ಷಕಿಯ ಮೇಲಿನ ದೂರು, ಶಿಕ್ಷಕಿಯ ಮನೆಯಲ್ಲಿ, ಶಿಕ್ಷಕಿಯ ಹಾಳೆಯ ಮೇಲೆ, ಏಳು ಪ್ರತಿ ಅಚ್ಚಾಗಿತ್ತು.

ಅಷ್ಟರಲ್ಲಿ ಬಾಗಿಲ ಗಂಟೆ. ಎರಡು ವರ್ಷದ ಮೇಲೆ ಆ ಹೊಸ್ತಿಲಿಗೆ ಬಂದು ನಿಂತಿದ್ದರು ಶಿಕ್ಷಕಿ. ಒಂದು ಕೈಯಲ್ಲಿ ಏಳು ಹಾಳೆ, ಇನ್ನೊಂದರಲ್ಲಿ ಕೆಂಪು ಪೆನ್ನು.

ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ‘ದೂರು ನನ್ನ ಮೇಲಿದೆ, ಇರಲಿ. ಆದರೆ ಇಂಥ ಮರಾಠಿ ನನ್ನ ಪ್ರಿಂಟರಿನಿಂದ ಹೊರಬಿದ್ದು ಕಮಿಟಿಗೆ ಹೋಗುವುದಕ್ಕೆ ನಾನು ಬಿಡುವುದಿಲ್ಲ. ನೀರು ಅಂದರೆ ಪಾಣೀ, ದೀರ್ಘ. ನೀವು ಪಾಣಿ ಅಂತ ಹ್ರಸ್ವ ಬರೆದಿದ್ದೀರಿ. ಪಾಣಿ ಅಂದರೆ ಸಂಸ್ಕೃತದಲ್ಲಿ ಕೈ. ಮೇಲಿನ ಮನೆಯಿಂದ ದಿನಾ ಕೈ ಬೀಳುತ್ತದೆ ಅಂತ ಓದಿದರೆ ಕಮಿಟಿಯವರು ಪೊಲೀಸರನ್ನು ಕರೆದಾರು!’

ಮೊದಲ ಪ್ರತಿಯ ತುಂಬ ಕೆಂಪು ಗೆರೆ. ಉಳಿದ ಆರರ ಮೇಲೂ ‘ಮೇಲಿನಂತೆ’ ಅಂತ ಬರೆದಿದ್ದರು. ಕೆಳಗೆ ಗುಂಡಗೆ ಸುತ್ತು ಹಾಕಿ, ಹತ್ತಕ್ಕೆ ನಾಲ್ಕು.

ನಾನು ಚೀಲ ಹಿಡಿದು ಮೂಲೆಗೆ ಸರಿದೆ. ಈಗ ಜಗಳವಾಗುತ್ತದೆ ಅಂದುಕೊಂಡೆ. ಎಂಜಿನಿಯರರಿಗೆ ಸಿಟ್ಟು ಬಂದದ್ದೇನೋ ನಿಜ. ಆದರೆ ನೀರಿಗಲ್ಲ.

‘ನಾಲ್ಕ? ಇಡೀ ಸರ್ವಿಸ್ ಮರಾಠಿಯೊಳಗ ಮಾಡೇನಿ! ಆರ ಎಲ್ಲಿ ಹೋದೂ?’

ಎಲ್ಲಿ ಹೋದವು ಅಂತ ಶಿಕ್ಷಕಿ ಕೂತು ಒಂದೊಂದಾಗಿ ತೋರಿಸಿದರು. ಎಂಜಿನಿಯರರ ಹೆಂಡತಿ ಚಹಾ ತಂದಿಟ್ಟರು. ಒಂದೂವರೆ ತಾಸಿನಲ್ಲಿ ಅರ್ಜಿ ಹೊಸದಾಗಿ ತಯಾರಾಯಿತು. ಶಿಕ್ಷಕಿ ಗಟ್ಟಿಯಾಗಿ ಓದಿದರು, ಓದುತ್ತ ಓದುತ್ತ ದನಿ ಸಣ್ಣದಾಯಿತು. ಕಡೆಗೆ, ‘ಹೌದು, ಸೀರೆ ಹಾಳಾಗಿದೆ. ನಾಳೆಯೇ ಎಲ್ಲ ಕುಂಡಗಳ ಕೆಳಗೆ ತಾಟು ಇಡುತ್ತೇನೆ’ ಅಂದರು.

ಅರ್ಜಿಯ ಕೆಲಸ ಅಲ್ಲಿಗೇ ಮುಗಿಯಿತು. ಎಂಜಿನಿಯರರು ಹಾಳೆ ಹಿಡಿದುಕೊಂಡು ಮರುಗಿದರು. ‘ಇಷ್ಟ ಛಲೋ ಅರ್ಜಿ ದಂಡ ಆತಲ್ರಿ!’

ಶಿಕ್ಷಕಿ ತಮ್ಮ ಮನೆಗೆ ಹೋದ ಬಳಿಕ ಪಟ್ಟಿಯಿಂದ ಮೇಲಿನ ಮನೆಯ ಪ್ರಿಂಟರ್ ತೆಗೆಯಲು ಕೂತೆ. ಎಂಜಿನಿಯರರು ಕೈ ಅಡ್ಡ ಹಿಡಿದರು.

‘ಇರ್ಲಿ ಬಿಡ್ರಿ. ಲಿಫ್ಟಿನ ಬಗ್ಗೆ ಒಂದು ಅರ್ಜಿ ಬರಿಯೂದದ. ಮೊದಲ ಮ್ಯಾಲ ಹೋಗಿ ತಿದ್ದಿಸಿಕೊಂಡ ಬರ್ಲಿ.’

ಎರಡು ವಾರದ ಮೇಲೆ ಅವರ ಫೋನು ಬಂತು. ನಾನು ಸಿಗ್ನಲ್ಲಿನಲ್ಲಿ ನಿಂತಿದ್ದೆ. ಹಾರ್ನ್‌ಗಳ ನಡುವೆ ಅವರು ಒದರಿದ್ದು ಇಷ್ಟೇ ಕೇಳಿಸಿತು: ‘ಮೇಡಮ್, ಏಳ ಬಂತ್ರೀ!’

ಸ್ಕೂಟರ್ ಬದಿಗೆ ಹಚ್ಚಿದೆ. ಏಳನೇ ನಂಬರಿನ ಎರರ್ ಯಾವುದು ಅಂತ ನೆನಪಿಸಿಕೊಳ್ಳುತ್ತ ಹೇಳಿದೆ, ‘ಗಾಬರಿ ಆಗಬ್ಯಾಡ್ರಿ. ಒಮ್ಮೆ ಪ್ರಿಂಟರ್ ಆರಿಸಿ ಹಚ್ಚಿ ನೋಡ್ರಿ.’

‘ಪ್ರಿಂಟರ್ ಯಾಕ್ರೀ ಆರಿಸಲಿ? ಮಾರ್ಕ್ಸ್ ರೀ! ಹತ್ತಕ್ಕ ಏಳ!’