ಬೈಕಿನ ಬೆಲೆ ಅರ್ಧಕ್ಕಿಳಿಸಲು ಅನುಮತಿ ಕೋರಿ

ಇಂದ,
ಬಹ್ಗತ್ ಶೆಹಾತ,
ಉಗ್ರಾಣ ಗುಮಾಸ್ತ, ಟ್ರಾಮ್ ಡಿಪೋ,
ಐದನೇ ಮಹಡಿ, ಬಾಲ್ಕನಿಯ ಮುರುಕು ಕುರ್ಚಿ,
ಅಲೆಕ್ಸಾಂಡ್ರಿಯಾ.

ಗೆ,
ಘನ ಸರ್ಕಾರ,
ಅಂದರೆ ಶ್ರೀಮತಿ ಇನ್ಶಿರಾಹ್ ಮಿತ್ವಲ್ಲಿ ಅವರು,
ಅದೇ ಮನೆ, ಅಡುಗೆಕೋಣೆ.

ವಿಷಯ: ಸರ್ಕಾರದ ಸ್ವತ್ತಾದ ಇಂಗ್ಲಿಷ್ ಮೋಟರ್ ಬೈಕಿನ ಬೆಲೆಯನ್ನು ಮಾರಾಟಕ್ಕೆ ಮುಂಚೆ ಅರ್ಧಕ್ಕೆ ಇಳಿಸುವ ಬಗ್ಗೆ.

ಉಲ್ಲೇಖ: 1. ನಮ್ಮ ಮದುವೆಯ ಸಾಮಾನು ಪಟ್ಟಿ, ಕೊನೆಯ ಸಾಲು.
2. ಕಳೆದ ಸೋಮವಾರ ಮೆಟ್ಟಿಲ ಬುಡದಲ್ಲಿ, ಹೊರಗಿನವರ ಎದುರು, ತಾವು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಈ ಊರಿನ ಗಂಡಸರೆಲ್ಲ ಕಾಫಿ ಅಂಗಡಿಯಲ್ಲಿ ಕೂತು ಹೆಂಡತಿಯನ್ನು 'ಸರ್ಕಾರ' ಎಂದು ಕರೆದು ನಗುತ್ತಾರೆ. ಮನೆಗೆ ಬಂದು ಅರ್ಜಿ ಹಾಕುವವನು ಬಹುಶಃ ನಾನೊಬ್ಬನೇ. ಮಾತಿನಲ್ಲಿ ತಮ್ಮೆದುರು ಗೆದ್ದ ದಾಖಲೆ ನನ್ನಲ್ಲಿ ಇಲ್ಲವಾದ ಕಾರಣ, ಉಗ್ರಾಣದಲ್ಲಿ ಕಲಿತ ಭಾಷೆಯಲ್ಲೇ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಮದುವೆಗೆ ಮುಂಚೆ ವರನು ಸಾಮಾನು ಪಟ್ಟಿಗೆ ಸಹಿ ಹಾಕುವುದು, ಪಟ್ಟಿಯಲ್ಲಿರುವುದೆಲ್ಲ ಹೆಂಡತಿಯದಾಗುವುದು, ಕೇಳಿದಾಗ ಕೊಡದ ಗಂಡ ಜೈಲು ನೋಡಿ ಬರುವುದು ನಮ್ಮಲ್ಲಿ ನಡೆದುಬಂದ ಕ್ರಮ. ಅಂದು ತಮ್ಮ ತಂದೆ, ಉಪ್ಪುಮೀನಿನ ವ್ಯಾಪಾರಿ ಹಾಜಿ ಮಿತ್ವಲ್ಲಿಯವರು, ನಾನು ತಂದಿದ್ದ ಪಟ್ಟಿಯನ್ನು ಓದಿ ಕನ್ನಡಕ ತೆಗೆದರು.

"ಅಳಿಯಂದ್ರೇ, ಪಟ್ಟಿ ಬಹಳ ಕುಳ್ಳಗಾಯ್ತು. ನಾಳೆ ನಾಲ್ಕು ಜನ ಕೇಳಿದ್ರೆ ನಾನು ಏನಂತ ತೋರಿಸ್ಲಿ?"

ನನ್ನ ಪಕ್ಕ ಕೂತಿದ್ದ ಸೋದರಮಾವ ಬಾಯಿ ಹಾಕಿದ. "ನಮ್ಮ ಮಾಳಿಗೆ ಮೇಲೆ ಇಂಗ್ಲಿಷ್ ಸೈನ್ಯ ಬಿಟ್ಟುಹೋದ ಬೈಕಿದೆ, ಮಗ್ಗುಲಿಗೆ ಸೈಡ್‌ಕಾರೂ ಇದೆ. ಬರೀರಿ."

"ಓಡುತ್ತಾ?"

"ಪಟ್ಟೀಲಿರೋಕೆ ಓಡಬೇಕಾ ಹಾಜಿ?"

ಎಲ್ಲರೂ ನಕ್ಕರು. ನಾನೂ ನಕ್ಕು ಸಹಿ ಹಾಕಿದೆ. ಆ ಸಂಜೆ ತಮ್ಮ ಮನೆಯ ಮೆಟ್ಟಿಲಲ್ಲಿ ನಿಂತು, "ಅದನ್ನ ರಿಪೇರಿ ಮಾಡಿ, ನಿನ್ನನ್ನ ಸೈಡ್‌ಕಾರಲ್ಲಿ ಕೂರಿಸ್ಕೊಂಡು ಅಬೂ ಕೀರ್‌ಗೆ ಮೀನು ತಿನ್ನೋಕೆ ಕರ್ಕೊಂಡು ಹೋಗ್ತೀನಿ" ಎಂದೂ ಹೇಳಿದೆ. ಇದಕ್ಕೆ ಯಾರೂ ಸಹಿ ಕೇಳಲಿಲ್ಲ.

2. ಮದುವೆಯಾದ ಮೇಲೆ ಸದರಿ ಸೈಡ್‌ಕಾರಿನಲ್ಲಿ ತಮ್ಮ ಕೋಳಿಗಳು ವಾಸವಾಗಿದ್ದವು. ಬೈಕಿನ ದೀಪವನ್ನು ತಾವು ಹಳೇ ಸಾಮಾನಿನ ಗಾಡಿಯವನಿಗೆ ಕೊಟ್ಟು ಪ್ಲಾಸ್ಟಿಕ್ ಟಬ್ ತೆಗೆದುಕೊಂಡಿರಿ. ತಮ್ಮ ಸ್ವತ್ತು, ತಮ್ಮ ಇಷ್ಟ. ಎಷ್ಟೋ ವರ್ಷದ ಮೇಲೆ ಹಳೇ ಸಾಮಾನು ಮಾರುವ ಅತ್ತಾರೀನ್ ಪೇಟೆಯಲ್ಲಿ ನಾನು ಒಂದು ತಿಂಗಳ ಸಂಬಳ ಸುರಿದು ದೀಪ ಕೊಂಡೆ. "ಬಾಶಾ, ನಿಮ್ಮ ಬೈಕಿಗೆ ಇದಕ್ಕಿಂತ ಸರಿಯಾಗಿ ಕೂರೋ ದೀಪ ಈ ದೇಶದಲ್ಲೇ ಇಲ್ಲ" ಎಂದು ಅಂಗಡಿಯವನು ಆಣೆ ಮಾಡಿದ. ಅವನು ಸುಳ್ಳು ಹೇಳಿರಲಿಲ್ಲ. ಮನೆಗೆ ತಂದು ತಿರುಗಿಸಿ ನೋಡಿದರೆ, ಚಿಕ್ಕಂದಿನಲ್ಲಿ ನಾನೇ ಸುತ್ತಿಗೆಯಿಂದ ಹೊಡೆದ ತಗ್ಗು ಅಲ್ಲೇ ಇತ್ತು. ಟಬ್ ಇಂದಿಗೂ ಬಳಕೆಯಲ್ಲಿದೆ. ಅದರ ಮೇಲೆ ನನ್ನದೇನೂ ದೂರಿಲ್ಲ.

3. ಮೆಕ್ಯಾನಿಕ್ ಉಸ್ತಾದ್ ಗಿರ್ಗಿಸ್ ಬಗ್ಗೆ. ಎಷ್ಟಾಯಿತೆಂದು ಕೇಳಿದರೆ ಅವರು ಮೊದಲು ನನ್ನನ್ನು 'ಬೇ' ಎಂದು ದೊಡ್ಡ ಸಾಹೇಬನನ್ನಾಗಿ ಮಾಡಿ, "ಬಿಡಿ ಬೇ, ಇದು ನಮ್ಮ ಕಡೆಯಿಂದ ಇರ್ಲಿ" ಎನ್ನುತ್ತಾರೆ. ನಾನು ಆಣೆ ಇಡಬೇಕು, ಅವರು ಎದೆಯ ಮೇಲೆ ಕೈಯಿಡಬೇಕು. ಈ ಮರ್ಯಾದೆಯೆಲ್ಲ ಮುಗಿದ ಮೇಲೆ ಹೇಳುವ ಬೆಲೆಗೆ ಗೋಡೆ ಹಿಡಿದುಕೊಳ್ಳಬೇಕು.

"ಹೋದ ತಿಂಗಳು ಇದರ ಅರ್ಧ ಹೇಳಿದ್ರಲ್ಲ ಉಸ್ತಾದ್?"

"ಡಾಲರ್ ಎದುರು ನಮ್ಮ ಪೌಂಡು ಬಿತ್ತಲ್ಲ ಬೇ."

"ನಮ್ಮ ಪೌಂಡು ಬಿದ್ರೆ ಈ ತುಕ್ಕು ಕಬ್ಬಿಣ ಯಾಕೆ ಏಳುತ್ತೆ?"

"ಕಬ್ಬಿಣ ಇಂಗ್ಲಿಷರದು. ನಮ್ಮ ಪೌಂಡಿನ ಸುದ್ದಿ ಅದಕ್ಕೆ ನಮಗಿಂತ ಮುಂಚೆ ಗೊತ್ತಾಗುತ್ತೆ."

4. ಎಂಜಿನ್ನಿನ ಒಳಗಿನ ಭಾಗಗಳಿಗೆ ಹಣ ಸಾಲದಾದಾಗ ತಾವು ನಲ್ಲಿಯ ಕೆಳಗೆ ಕೈಯಿಟ್ಟು, ಸೋಪು ಹಚ್ಚಿ, ಮದುವೆಯ ನಾಲ್ಕು ಚಿನ್ನದ ಬಳೆಗಳನ್ನು ತೆಗೆದಿರಿ. "ತಗೋ. ದಪ್ಪ ಆಗಿಬಿಟ್ಟಿದೀನಿ, ಕೈ ಬಿಟ್ಟು ಬರ್ತಾನೇ ಇಲ್ಲ" ಎಂದು ನಕ್ಕಿರಿ. ಆ ಬೇಸಿಗೆ ಕಳೆಯುವುದರೊಳಗೆ ಅಬೂ ಕೀರ್ ಎಂದು ನಾನು ಮತ್ತೊಮ್ಮೆ ಹೇಳಿದೆ. ಆಮೇಲೆ ಚಿನ್ನ ಏರಿತು, ಬೈಕೂ ಏರಿತು. ಏರದೆ ಉಳಿದದ್ದು ಅರ್ಜಿದಾರನ ಸಂಬಳ ಮಾತ್ರ.

5. ಈ ವಸಂತದಲ್ಲಿ ಬೈಕು ಸಿದ್ಧವಾಯಿತು. ಬಾಗಿಲ ಕಾವಲಿನವನಿಗೆ ಚಹಾ ಕುಡಿಸಿ ಅದನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದೆ. ಅದುವರೆಗೆ ಅದು ಓಡದಿದ್ದುದಕ್ಕೆ ಕಾರಣ, ಭಾಗಗಳಿರಲಿಲ್ಲ. ಆಮೇಲೆ ಓಡದಿದ್ದುದಕ್ಕೆ ಕಾರಣ, ಬೆಲೆ ಬಂದಿತ್ತು. ಕಡಲಗಾಳಿಯ ಉಪ್ಪು ಹೊಳಪನ್ನು ತಿನ್ನುತ್ತದೆ, ಬೀದಿಯ ಮರಳು ಬಣ್ಣ ಗೀಚುತ್ತದೆ. "ಹೊರಗೆ ತೆಗೆದ್ರೆ ಸೆಕೆಂಡ್ ಹ್ಯಾಂಡ್ ಆಗಿಬಿಡುತ್ತೆ ಬೇ" ಎಂದು ಉಸ್ತಾದ್ ಗಿರ್ಗಿಸ್ ಎಚ್ಚರಿಸಿದರು. ಒಂದು ಮಹಾಯುದ್ಧ, ಒಂದು ಮರುಭೂಮಿ, ನಾಲ್ಕು ತಲೆಮಾರಿನ ಕೋಳಿಗಳನ್ನು ಕಂಡ ಬೈಕು ಸೆಕೆಂಡ್ ಹ್ಯಾಂಡ್ ಆಗಿಬಿಡುತ್ತದೆಂದು ನಾನೂ ಹೆದರಿದೆ. ನಮ್ಮ ಮಂಚದ ಹತ್ತಿ ರಜಾಯಿಯನ್ನು ಒಯ್ದು ಹೊದಿಸಿದೆ. ಹೊಸದಾಗಿ ಹಾಕಿಸಿದ, ಕಿಲೋಮೀಟರ್ ತೋರಿಸುವ ಮೀಟರು ಸೊನ್ನೆಯಲ್ಲೇ ಇತ್ತು, ಈಗಲೂ ಇದೆ.

6. ಸೋಮವಾರ ಕೊಲ್ಲಿ ಕಡೆಯ ಸಾಹುಕಾರರಾದ ಶ್ರೀ ಫೌವಾಝ್ ಬಿಳಿ ಕೈಗವಸು ತೊಟ್ಟು ನೋಡಲು ಬಂದರು. ಸುತ್ತ ಮೂರು ಪ್ರದಕ್ಷಿಣೆ ಹಾಕಿ, "ಎಷ್ಟು ಹೇಳ್ತೀರಿ?" ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚಹಾದ ತಟ್ಟೆ ಹಿಡಿದು ತಾವು ಇಳಿದು ಬಂದಿರಿ.

"ಕೇಳೋದಿದ್ರೆ ನನ್ನ ಕೇಳಿ. ಬೈಕು ನಂದು."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಸಾಹುಕಾರರು ಕೊಡುತ್ತೇನೆಂದ ಬೆಲೆಗೆ ಇಂದಿನ ಪೇಟೆಯಲ್ಲಿ ಸರಿಯಾಗಿ ನಾಲ್ಕು ಬಳೆ ಬರುತ್ತವೆ. ಬಳೆ ಮಾರಿ ಬೈಕು, ಬೈಕು ಮಾರಿ ಬಳೆ. ನಡುವೆ ಖರ್ಚಾದದ್ದು ನನ್ನ ತಲೆಗೂದಲು.

"ಇದನ್ನ ಓಡಿಸ್ತೀರಾ?" ಎಂದು ತಾವು ಕೇಳಿದಿರಿ.

"ಓಡಿಸೋದಾ? ಎಲ್ಲಾದ್ರೂ ಉಂಟಾ ತಾಯಿ. ಗಾಜಿನ ಕೋಣೆಲಿ ಇಡ್ತೀನಿ. ಮೀಟರ್ ಸೊನ್ನೆ ಇರೋದಕ್ಕೇ ಈ ಬೆಲೆ. ಒಂದು ಸುತ್ತು ಹೋಗಿಬಂದ್ರೂ ಅರ್ಧಕ್ಕಿಂತ ಜಾಸ್ತಿ ಕೊಡಲ್ಲ."

"ಶುಕ್ರವಾರ ನಮಾಜ್ ಆದ್ಮೇಲೆ ಬನ್ನಿ."

ಅವರು ಹೋದ ಮೇಲೆ ನಾನು, "ಇನ್ಶಿರಾಹ್, ನನ್ನ ಇಡೀ ಆಯಸ್ಸು ಅದರೊಳಗಿದೆ" ಎಂದೆ. ಈ ಮಾತನ್ನು ಕಾಫಿ ಅಂಗಡಿಯಲ್ಲಿ ಹೇಳಿದ್ದರೆ ನಾಲ್ಕು ಜನ ತಲೆದೂಗುತ್ತಿದ್ದರು.

"ಗೊತ್ತು ಅಬೂ ನಸ್ಮಾ. ಅದಕ್ಕೇ ನಂಗೆ ಜಾಗ ಸಿಗ್ಲಿಲ್ಲ. ಅದರಲ್ಲಿ ಕೋಳಿ ಕೂತಿದೆ. ನಿನ್ನ ಮಗಳು ನಸ್ಮಾಳ ಗೊಂಬೆ ಕೂತಿದೆ. ನಾನು ಕೂತಿಲ್ಲ."

ಹೀಗೆಂದು ತಾವು ತಟ್ಟೆ ಎತ್ತಿಕೊಂಡು, ಮಹಡಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ಮೇಲೆ ಹೋದಿರಿ. ನಾನು ರಜಾಯಿ ಸರಿಪಡಿಸಿದೆ.

7. ಮಾರಾಟ ರದ್ದು ಮಾಡಬೇಕೆಂದು ಮಂಗಳವಾರ ಒಂದು ಅರ್ಜಿ ಬರೆದಿದ್ದೆ. ಓದಿ ನೋಡಿದರೆ ಅದರಲ್ಲಿ ಬೈಕಿನ ಹೆಸರು ಸಾಲುಸಾಲಿಗೂ ಇತ್ತು, ತಮ್ಮ ಹೆಸರು ವಿಳಾಸದಲ್ಲಿ ಮಾತ್ರ. ನನಗೆ ಬಹಳ ನಾಚಿಕೆಯಾಯಿತು. ಅದನ್ನು ಹರಿದುಹಾಕಿದ್ದೇನೆ.

ಆದ್ದರಿಂದ, ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಸದರಿ ವಾಹನವನ್ನು ಅದರ ಮಾಲೀಕರ ಸಮೇತ ಕಡಲ ದಂಡೆಯ ರಸ್ತೆಯಲ್ಲಿ ಅಬೂ ಕೀರ್‌ವರೆಗೆ ಓಡಿಸಿ, ಮೀನು ತಿಂದು, ವಾಪಸ್ಸು ತರಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಇದರಿಂದ ಮೀಟರು ಸೊನ್ನೆ ಬಿಟ್ಟು ಕದಲುವುದು, ಉಪ್ಪು ಹತ್ತುವುದು, ಬೆಲೆ ಅರ್ಧಕ್ಕಿಳಿಯುವುದು, ನಾಲ್ಕು ಬಳೆಯ ಜಾಗದಲ್ಲಿ ಎರಡೇ ಬರುವುದು. ನಷ್ಟವೆಲ್ಲ ತಮ್ಮದು, ಬಯಕೆ ನನ್ನದು. ಕೇಳಲು ಮುಖವಿಲ್ಲದ ಕಾರಣ ಬರೆದು ಕೇಳುತ್ತಿದ್ದೇನೆ. ಕಡಿಮೆಬಿದ್ದ ಎರಡು ಬಳೆಗಳ ಬಗ್ಗೆ ನಿವೃತ್ತಿಯ ಹಣ ಕೈಸೇರಿದ ದಿನ ಕ್ರಮ ಕೈಗೊಳ್ಳಲಾಗುವುದು.

ಅನುಮತಿ ಸಿಗದಿದ್ದಲ್ಲಿ ಶುಕ್ರವಾರ ನಾನೇ ರಜಾಯಿ ತೆಗೆದು, ಬೀದಿಬಾಗಿಲು ಹಿಡಿದು ನಿಂತು, ಬೈಕನ್ನು ಶ್ರೀ ಫೌವಾಝರಿಗೆ ಒಪ್ಪಿಸುತ್ತೇನೆ. ತಕರಾರು ಮಾಡುವುದಿಲ್ಲ.

ಪಟ್ಟಿಯಲ್ಲಿ ಬರೆಯದಿದ್ದರೂ ತಾವು ಇಷ್ಟು ವರ್ಷ ಇಟ್ಟುಕೊಂಡ ಹಳೇ ಸಾಮಾನು,
ತಮ್ಮ ವಿಶ್ವಾಸಿ,
ಬಹ್ಗತ್ ಶೆಹಾತ

ಲಗತ್ತುಗಳು:
ಅ) ಬೈಕಿನ ಕೀಲಿಕೈ. ಬೇರೆ ಪ್ರತಿ ಇಲ್ಲ.
ಆ) ದೃಷ್ಟಿಯಾಗದಿರಲು ನೀಲಿ ಮಣಿ. ಬೈಕಿಗಲ್ಲ, ತಮಗೆ.
ಇ) ಸೈಡ್‌ಕಾರಿನ ಸೀಟಿಗೆ ಹೊಸ ದಿಂಬು. ಹತ್ತಿಯದು, ಕೋಳಿ ಪುಕ್ಕ ತುಂಬಿಲ್ಲವೆಂದು ದೃಢೀಕರಿಸಲಾಗಿದೆ.

ವಿ.ಸೂ: ಲಿಖಿತ ಆದೇಶದ ಅಗತ್ಯವಿಲ್ಲ, ಕೆಳಗಿಳಿದು ಬಂದರೆ ಸಾಕು. ಕಡಲಗಾಳಿ ಜೋರಿರುವ ಕಾರಣ ಬರುವಾಗ ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು ಬರಬೇಕಾಗಿ ವಿನಂತಿ.